ವಹಿ ಓದಿದ ದಂಡನಾಯಕ: ಥಾಮಸ್ ಮನ್ರೋ ಮತ್ತು ನಮ್ಮ ಸೀಮೆ



ಭೀಮಾ ಹೊಳೆಯ ದಂಡೆಯ ಈ ದೇವಣಗಾಂವದಲ್ಲಿ ನಿಂತು ಒಬ್ಬ ಆಂಗ್ಲ ಸೇನಾಧಿಕಾರಿಯ ಬಾಳಿನ ಬಗ್ಗೆ ಮಾತಾಡಲು ನನಗೊಂದು ಕಾರಣವಿದೆ. 1818ರ ಮೇ ತಿಂಗಳ ಮೊದಲ ವಾರದಲ್ಲಿ ಆತ ಇದೇ ಹೊಳೆಯನ್ನು ದಾಟಿದ. ದಾಟಿದ್ದು ನಮ್ಮೂರಲ್ಲಲ್ಲ, ಸೀನಾ ಹೊಳೆ ಬಂದು ಭೀಮೆಯನ್ನು ಕೂಡುವ ಜಾಗಕ್ಕಿಂತಲೂ ಮೇಲೆ. ಬೆಳಗಾವಿಯಿಂದ ಹೊರಟು, ಕೃಷ್ಣೆಯನ್ನು ದಾಟಿ, ಭೀಮೆಯನ್ನು ದಾಟಿ, ಸೀನೆಯನ್ನೂ ದಾಟಿ ಸೊಲ್ಲಾಪುರದ ಕೋಟೆಯ ಮುಂದೆ ಡೇರೆ ಹೊಡೆದ. ಕೆಲವೇ ದಿನಗಳಲ್ಲಿ ಕೋಟೆ ಶರಣಾಯಿತು. ಪೇಶ್ವೆ ಎರಡನೆಯ ಬಾಜೀರಾಯನ ಕೈಯಲ್ಲಿ ಉಳಿದಿದ್ದ ಕೊನೆಯ ಕಾಲಾಳು ದಂಡು ಅಲ್ಲಿ ಚದುರಿಹೋಯಿತು. ಜೂನ್ 3ರಂದು ಪೇಶ್ವೆಯೇ ಆಂಗ್ಲ ಅಧಿಕಾರಿ ಜಾನ್ ಮಾಲ್ಕಮ್‌ನ ಕೈಗೆ ತನ್ನನ್ನು ಒಪ್ಪಿಸಿಕೊಂಡ. ಈಚೆ ದಂಡೆಯ ನಮ್ಮ ಸೀಮೆಗೆ ಬೇರೆ ಒಡೆಯರು ಬಂದರು. ಆಚೆ ದಂಡೆಯ ಅಫಜಲಪುರ ಸೀಮೆ ಮಾತ್ರ 1948ರವರೆಗೂ ನಿಜಾಮರ ರಾಜ್ಯದಲ್ಲೇ ಉಳಿಯಿತು.

ಆ ಅಧಿಕಾರಿಯ ಹೆಸರು ಥಾಮಸ್ ಮನ್ರೋ. ಮಂತ್ರಾಲಯಕ್ಕೆ ಹೋಗಿಬಂದವರೆಲ್ಲ ಈ ಹೆಸರನ್ನು ಕೇಳಿರುತ್ತೀರಿ. ರಾಘವೇಂದ್ರ ಸ್ವಾಮಿಗಳು ಬೃಂದಾವನದಿಂದ ಅವನೊಡನೆ ಮಾತಾಡಿದರು ಎಂಬ ಕಥೆ ಅಲ್ಲಿ ಪ್ರಚಲಿತ. ರಾಯಲಸೀಮೆಯ ಕಡೆ ಅವನ ಹೆಸರನ್ನು ಮಕ್ಕಳಿಗೆ ಇಟ್ಟವರಿದ್ದಾರೆ. ಇತ್ತ ಕಿತ್ತೂರಿನ ಇತಿಹಾಸ ಓದಿದವರಿಗೆ ಅದೇ ಮನೆತನದ ಹೆಸರು ಬೇರೊಂದು ನೆನಪನ್ನು ತರುತ್ತದೆ. ದೇವರಂತೆ ಕಂಡವರಿಗೂ ಶತ್ರುವೆಂದು ಕಂಡವರಿಗೂ ಆಧಾರವಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಮನ್ರೋ ನಮ್ಮ ಸೀಮೆಯನ್ನು ಮುಖ್ಯವಾಗಿ ಗೆದ್ದದ್ದು ಕಂದಾಯದ ವಹಿಯನ್ನು ಓದಬಲ್ಲವನಾಗಿದ್ದರಿಂದ. ತೋಪು ಅದರ ಹಿಂದೆ ಬಂತು. ಹಳ್ಳಿಯ ಲೆಕ್ಕ ಗೊತ್ತಿದ್ದವನಿಗೆ ಹಳ್ಳಿಯ ನೋವು ಎಲ್ಲಿದೆ ಎಂಬುದೂ ಗೊತ್ತಿತ್ತು. ಆ ತಿಳಿವಳಿಕೆಯನ್ನು ಅವನು ಆಯುಧ ಮಾಡಿಕೊಂಡ.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ಅಮೆರಿಕದ ವರ್ಜೀನಿಯದ ಜೊತೆ ವ್ಯಾಪಾರ ಮಾಡುತ್ತಿದ್ದ. ಅಮೆರಿಕದವರು ಇಂಗ್ಲೆಂಡಿನ ವಿರುದ್ಧ ಎದ್ದಾಗ ಆ ವ್ಯಾಪಾರ ಮುಳುಗಿತು. ಮಗ ದುಡಿಮೆ ಹುಡುಕಿಕೊಂಡು ಹಡಗು ಹತ್ತಿದ. 1780ರ ಜನವರಿಯಲ್ಲಿ ಮದರಾಸಿಗೆ ಬಂದು ಇಳಿದಾಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಚಿಕ್ಕಂದಿನ ಕಾಯಿಲೆಯಿಂದ ಕಿವಿ ಮಂದವಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದಲ್ಲಿ ಕೆಡೆಟ್, ಅಂದರೆ ಅಧಿಕಾರಿ ದರ್ಜೆಯ ಕಟ್ಟಕಡೆಯ ಮೆಟ್ಟಿಲು.

ಅದೇ ವರ್ಷ ಹೈದರಾಲಿ ಘಟ್ಟ ಇಳಿದು ಕರ್ನಾಟಿಕ್ ಸೀಮೆಯ ಮೇಲೆ ಬಿದ್ದ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಪೂರಾ ನಾಶವಾಯಿತು. ಅದರ ನೆರವಿಗೆ ಹೋಗಬೇಕಿದ್ದ ಹೆಕ್ಟರ್ ಮನ್ರೋನ ದಂಡು ಹೊತ್ತಿಗೆ ಮುಟ್ಟಲಿಲ್ಲ. ನಮ್ಮ ಮನ್ರೋ ಆ ದಂಡಿನಲ್ಲಿದ್ದ. ಕಂಪನಿಯ ಸೈನ್ಯವೂ ಸೋಲುತ್ತದೆ, ಅದೂ ಮೈಸೂರಿನ ಕುದುರೆ ಸವಾರರಿಂದ ಸೋಲುತ್ತದೆ ಎಂಬುದನ್ನು ಆ ಹುಡುಗ ಮೊದಲ ವರ್ಷವೇ ಕಂಡ. ಮುಂದೆ ಜೀವಮಾನವಿಡೀ ಅವನು ಮೈಸೂರಿನ ಆಡಳಿತವನ್ನಾಗಲಿ ಅದರ ಸೈನ್ಯವನ್ನಾಗಲಿ ಹಗುರವಾಗಿ ಕಾಣಲಿಲ್ಲ. ಅವನ ಜೊತೆಯ ಬಹಳ ಜನ ಆ ಪಾಠ ಕಲಿಯಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಆ ದಿನಗಳಲ್ಲಿ ಅವನು ತಂಗಿಗೆ ಬರೆದ ಒಂದು ಕಾಗದ ಉಳಿದಿದೆ. ಪೂರ್ವ ದೇಶಕ್ಕೆ ಹೋದವರೆಲ್ಲ ನವಾಬರಂತೆ ಬಾಳುತ್ತಾರೆ ಎಂದು ಊರವರು ತಿಳಿದಿದ್ದರು. ಅವನು ಬರೆದದ್ದು ಬೇರೆ. ನಾಲ್ಕು ಕೋಲಿನ ಮೇಲೆ ಬಿಗಿದ ಒಂದು ತುಂಡು ಕಿತ್ತಾನು ಬಟ್ಟೆಯೇ ಹಾಸಿಗೆ, ತಲೆಗೆ ಒಂದು ಪುಸ್ತಕ ಇಲ್ಲವೆ ತೋಟಾ ಇಡುವ ಚೀಲ. ಸಂಬಳ ಸಾಲದು, ಅದರಲ್ಲೇ ಮನೆಗೆ ಹಣ ಕಳಿಸಬೇಕು. ಇದರ ನಡುವೆ ಅವನು ಹಿಂದುಸ್ತಾನಿ ಕಲಿತ, ಪಾರಸಿ ಕಲಿತ. ಬಡತನವೇ ಅವನನ್ನು ಓದಿಗೆ ಹಚ್ಚಿತು ಅಂತ ನನಗನಿಸುತ್ತದೆ. ಪಾರಸಿ ಬಂದವನಿಗೆ ಬೇಹಿನ ಇಲಾಖೆಯಲ್ಲಿ ಜಾಗ ಸಿಕ್ಕಿತು. ಬೇಹಿನ ಇಲಾಖೆಯಲ್ಲಿ ಅಲೆಗ್ಸಾಂಡರ್ ರೀಡ್ ಎಂಬ ಹಿರಿಯ ಅಧಿಕಾರಿ ಸಿಕ್ಕ. ರೀಡ್ ಸಿಕ್ಕದ್ದರಿಂದ ಅವನ ಬಾಳಿನ ದಾರಿಯೇ ತಿರುಗಿತು.

1792ರಲ್ಲಿ ಟಿಪ್ಪು ಸುಲ್ತಾನ ಅರ್ಧ ರಾಜ್ಯ ಬಿಟ್ಟುಕೊಟ್ಟಾಗ ಬಾರಾಮಹಲ್ ಕಂಪನಿಯ ಪಾಲಿಗೆ ಬಂತು. ಇಂದಿನ ಧರ್ಮಪುರಿ, ಕೃಷ್ಣಗಿರಿಯ ಆ ನಾಡನ್ನು ಆಳಲು ಕಂಪನಿಯ ಸಿವಿಲ್ ನೌಕರರಲ್ಲಿ ದೇಶಭಾಷೆ ಬಲ್ಲವರು ಬೇಕಾದಷ್ಟು ಇರಲಿಲ್ಲ. ಆದ್ದರಿಂದ ರೀಡ್ ಮತ್ತು ಅವನ ಮೂವರು ಸೈನಿಕ ಸಹಾಯಕರಿಗೆ ಆ ಕೆಲಸ ಬಂತು. ಮನ್ರೋ ಏಳು ವರ್ಷ ಅಲ್ಲಿದ್ದ. ಗುಡಾರದಲ್ಲಿ ಉಳಿದು ಊರಿಂದ ಊರಿಗೆ ಹೋಗಿ ಹೊಲಗಳನ್ನು ನೋಡಿದ, ಶಾನುಭೋಗರ ಲೆಕ್ಕ ಬಿಚ್ಚಿಸಿದ, ರೈತರನ್ನು ಎದುರಿಗೆ ಕೂಡಿಸಿ ಕೇಳಿದ. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ಜಮೀನ್ದಾರರ ಜೊತೆ ಕಾಯಂ ಕರಾರು ಮಾಡಿಕೊಂಡ ಕಾಲ ಅದು. ಬಾರಾಮಹಲಿನಲ್ಲಿ ಅದಕ್ಕೆ ತದ್ವಿರುದ್ಧವಾದ ಪದ್ಧತಿ ಬೆಳೆಯಿತು. ನಡುವೆ ದೊಡ್ಡ ಜಮೀನ್ದಾರ ಬೇಡ, ಗುತ್ತಿಗೆದಾರ ಬೇಡ, ಉಳುವವನ ಜೊತೆ ಸರ್ಕಾರ ನೇರವಾಗಿ ವ್ಯವಹರಿಸಲಿ ಎಂಬ ರೈತವಾರಿ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ರಾಜ್ಯ ಹಂಚುವ ಆಯೋಗಕ್ಕೆ ಮನ್ರೋ ಮತ್ತು ಮಾಲ್ಕಮ್ ಇಬ್ಬರೂ ಕಾರ್ಯದರ್ಶಿಗಳಾಗಿದ್ದರು. ಅಲ್ಲಿಂದ ಮನ್ರೋನನ್ನು ಕೆನರಾಕ್ಕೆ, ಅಂದರೆ ಇಂದಿನ ಕಾಸರಗೋಡಿನಿಂದ ಕಾರವಾರದವರೆಗಿನ ಕರಾವಳಿಗೆ ಕಲೆಕ್ಟರನನ್ನಾಗಿ ಕಳಿಸಿದರು. ಮನಸ್ಸಿಲ್ಲದೆ ಹೋದ. ಮಳೆ ಅವನಿಗೆ ಸೇರಲಿಲ್ಲ. ಅಲ್ಲಿ ದಂಗೆ ಎದ್ದಿತ್ತು, ಅದನ್ನು ಬಲದಿಂದ ಹತ್ತಿಕ್ಕಿದರು, ವಿಟ್ಲದ ಅರಸನನ್ನು ಗಲ್ಲಿಗೇರಿಸಿದರು. ಮನ್ರೋನನ್ನು ಬರೀ ಕರುಣಾಳು ಎಂದು ಹೊಗಳುವವರು ಈ ಅಧ್ಯಾಯವನ್ನು ಬಿಟ್ಟು ಓದಬಾರದು.

ಆದರೆ ಅದೇ ಕರಾವಳಿಯಲ್ಲಿ ಅವನಿಗೆ ಕಡತಗಳು ಸಿಕ್ಕವು. ಬಟ್ಟೆಗೆ ಹುಣಸೆ ಬೀಜದ ಸರಿ ಹಾಗೂ ಇದ್ದಿಲು ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದ ಲೆಕ್ಕದ ಪುಸ್ತಕಗಳು ಅವು. ವಿಜಯನಗರದ ಅರಸರ ಕಾಲದಿಂದ ಯಾವ ಭೂಮಿಗೆ ಎಷ್ಟು ಕಂದಾಯ, ಆಮೇಲೆ ಇಕ್ಕೇರಿಯವರು ಎಷ್ಟು ಏರಿಸಿದರು, ಹೈದರ ಎಷ್ಟು ಏರಿಸಿದ ಎಂಬುದನ್ನು ಅವನು ಅವುಗಳ ಸಹಾಯದಿಂದ ಕಟ್ಟಿಕೊಂಡ. 1800ರ ಮೇ 31ರಂದು ಬರೆದ ವರದಿಯಲ್ಲಿ, ಈ ಕರಾವಳಿಯಲ್ಲಿ ಭೂಮಿ ರೈತರ ಸ್ವಂತ ಆಸ್ತಿ, ಅದನ್ನು ಮಾರಬಹುದು, ಅಡವು ಇಡಬಹುದು, ಮಕ್ಕಳಿಗೆ ಬಿಡಬಹುದು ಎಂದು ಸರ್ಕಾರಕ್ಕೆ ತಿಳಿಸಿದ. ಹಿಂದುಸ್ತಾನದಲ್ಲಿ ಭೂಮಿಯೆಲ್ಲ ದೊರೆಯದು ಎಂಬ ಮಾತು ಕಂಪನಿಯ ಕಚೇರಿಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ, ಕನ್ನಡದ ಕಡತ ಓದಿಸಿ ಹಾಗಲ್ಲ ಎಂದು ಬರೆದದ್ದು ಸಣ್ಣ ಮಾತಲ್ಲ.

1800ರ ಕೊನೆಗೆ ಬಳ್ಳಾರಿ, ಕಡಪ, ಅನಂತಪುರ ಸೀಮೆಗಳು ನಿಜಾಮರಿಂದ ಕಂಪನಿಗೆ ಬಂದವು. ದತ್ತ ಮಂಡಲ ಎನ್ನುವ ಆ ಪ್ರಾಂತಕ್ಕೆ ಮನ್ರೋ ಮುಖ್ಯ ಕಲೆಕ್ಟರ್. ಎಂಬತ್ತರಷ್ಟು ಪಾಳೆಯಗಾರರು ಅಲ್ಲಿ ತಂತಮ್ಮ ದಂಡು ಕಟ್ಟಿಕೊಂಡಿದ್ದರು. ಅವರನ್ನು ಅವನು ಬಗ್ಗಿಸಿದ, ಕೆಲವರನ್ನು ಕಿತ್ತೇ ಹಾಕಿದ. ಆಮೇಲೆ ಅಳತೆ ಆರಂಭಿಸಿದ. ಈ ಅಳತೆಯ ವಿಷಯವನ್ನು ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಇಲ್ಲಿ ಕೂತ ರೈತರಿಗೆ ಇದು ದಿನನಿತ್ಯದ ಮಾತು.

ಮನ್ರೋನ ಸರ್ವೆಯವರ ಕೈಯಲ್ಲಿದ್ದದ್ದು 33 ಅಡಿಯ ಸರಪಳಿ. ಉದ್ದಕ್ಕೆ ಒಂದು ಸರಪಳಿ, ಅಗಲಕ್ಕೆ ಒಂದು ಸರಪಳಿ ಎಳೆದರೆ 1,089 ಚದರಡಿ. ಅಂಥ ನಲವತ್ತು ತುಂಡು ಕೂಡಿದರೆ ಒಂದು ಎಕರೆ. ನೀವು ಇವತ್ತು ಉತಾರ ತೆಗೆಸಿದಾಗ ಅದರಲ್ಲಿ ಎಕರೆಯ ಪಕ್ಕ ಬರೆಯುವ ಗುಂಟೆ ಇದೇ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ. 1802ರಿಂದ 1807ರವರೆಗೆ ಆ ಸರಪಳಿ ಬಳ್ಳಾರಿ ಸೀಮೆಯ ಹೊಲ ಹೊಲಕ್ಕೂ ಹೋಯಿತು. ಅಳೆದವರ ಹಿಂದೆ ಮಣ್ಣಿನ ದರ್ಜೆ ಕಟ್ಟುವವರು ಬಂದರು. ಎರಿಯೋ ಮಸಾರಿಯೋ, ನೀರಾವರಿಯೋ ಖುಷ್ಕಿಯೋ ಎಂದು ಊರಿನ ಗೌಡ, ಶಾನುಭೋಗ, ರೈತರ ಎದುರಿಗೇ ನೋಡಿ ಬರೆದುಕೊಂಡರು. ತಕರಾರು ಇದ್ದರೆ ಅಲ್ಲೇ ಹೇಳಬಹುದಿತ್ತು.

ಇಷ್ಟೆಲ್ಲ ಮಾಡಿದರೂ ಕಂದಾಯ ಭಾರವಾಗಿಯೇ ಇತ್ತು. ಬೆಳೆಯ ನೂರಕ್ಕೆ 45 ಪಾಲು ಸರ್ಕಾರಕ್ಕೆ ಎಂಬ ಲೆಕ್ಕದ ಮೇಲೆ ದರ ಕಟ್ಟಿದ್ದು. ಬರಗಾಲದ ಸೀಮೆಯ ರೈತ ಅದನ್ನು ಹೇಗೆ ಕೊಟ್ಟಾನು? 1807ರಲ್ಲಿ ಮನ್ರೋ ತಾನೇ ಬರೆದ, ಇದು ಹೆಚ್ಚು, ಕಾಲು ಭಾಗ ಇಳಿಸಿ ಸುಮಾರು ಮೂರನೆಯ ಒಂದು ಪಾಲಿಗೆ ತನ್ನಿ ಎಂದು. ಸರ್ಕಾರ ಒಪ್ಪಲಿಲ್ಲ. ಅವನು ರಜೆಯ ಮೇಲೆ ಸ್ವದೇಶಕ್ಕೆ ಹೊರಟದ್ದೇ ಹಳ್ಳಿಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ತಂದರು, ಅದು ಕೆಟ್ಟಿತು. ಬೇರೆ ಅಧಿಕಾರಿಗಳಿಗಿಂತ ಮನ್ರೋ ಪ್ರಾಮಾಣಿಕನಾಗಿದ್ದ ಎಂದು ನಾನು ಹೇಳುವುದು ಈ ಕಾಗದದ ಬಲದ ಮೇಲೆ. ಆದರೆ ಆ ಏಳು ವರ್ಷ ಹೆಚ್ಚಿನ ದರದಲ್ಲೇ ವಸೂಲಿ ಮಾಡಿದವನೂ ಅವನೇ. ರೈತವಾರಿಯ ಒಳ್ಳೆಯದನ್ನು ಹೇಳುವಾಗ ಈ 45ರ ಲೆಕ್ಕವನ್ನು ಮುಚ್ಚಿಡಬಾರದು.

ಇಂಗ್ಲೆಂಡಿನಲ್ಲಿ ಅವನು ಸುಮ್ಮನೆ ಕೂರಲಿಲ್ಲ. 1813ರಲ್ಲಿ ಕಂಪನಿಯ ಸನ್ನದನ್ನು ನವೀಕರಿಸುವ ಮುನ್ನ ಪಾರ್ಲಿಮೆಂಟು ಸಾಕ್ಷಿ ಕೇಳಿತು. ನಾಗರಿಕತೆ ಎಂಬುದು ಎರಡು ದೇಶಗಳ ನಡುವಿನ ವ್ಯಾಪಾರದ ಸರಕಾದರೆ ಅದನ್ನು ತರಿಸಿಕೊಂಡು ಲಾಭ ಪಡೆಯುವುದು ಇಂಗ್ಲೆಂಡೇ ಎಂಬ ಅರ್ಥದ ಮಾತನ್ನು ಅವನು ಅಲ್ಲಿ ಹೇಳಿದ. ನಮ್ಮ ನೆಯ್ಗೆಯ ಬಗ್ಗೆ ಕೇಳಿದಾಗ, ತಾನು ಒಂದು ಹಿಂದುಸ್ತಾನಿ ಶಾಲನ್ನು ಏಳು ವರ್ಷ ಹೊದ್ದರೂ ಅದು ಸವೆದಿಲ್ಲ, ಯುರೋಪಿನ ಶಾಲನ್ನು ಬಿಟ್ಟಿ ಕೊಟ್ಟರೂ ಹೊದೆಯಲಾರೆ ಎಂದ. ಹಿಂದುಸ್ತಾನದ ಮಾರುಕಟ್ಟೆಯ ಮೇಲೆ ಕಣ್ಣಿಟ್ಟಿದ್ದ ಮ್ಯಾಂಚೆಸ್ಟರಿನವರಿಗೆ ಈ ಉತ್ತರ ಹಿಡಿಸಿರಲಾರದು.

ಇನ್ನು ನಮ್ಮ ಸೀಮೆಗೆ ಬರೋಣ.

1817ರ ಜೂನ್‌ನಲ್ಲಿ ಪುಣೆಯ ಕರಾರಿನ ಪ್ರಕಾರ ಪೇಶ್ವೆ ಧಾರವಾಡದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅದನ್ನು ವಶಕ್ಕೆ ತೆಗೆದುಕೊಂಡು ವ್ಯವಸ್ಥೆ ಮಾಡಲು, ಅಷ್ಟರಲ್ಲಿ ಹಿಂದುಸ್ತಾನಕ್ಕೆ ಮರಳಿದ್ದ ಕರ್ನಲ್ ಮನ್ರೋ ಬಂದ. ಅವನಿಗೆ ಆಗ 56 ವಯಸ್ಸು. ನವೆಂಬರ್ 5ರಂದು ಪುಣೆಯ ಹತ್ತಿರ ಖಡಕಿಯಲ್ಲಿ ಯುದ್ಧ ಸುರುವಾಯಿತು. ದೊಡ್ಡ ದಂಡುಗಳೆಲ್ಲ ಬೇರೆ ಸೇನಾಪತಿಗಳ ಕೈಯಲ್ಲಿದ್ದವು. ಮನ್ರೋನಿಗೆ ಬ್ರಿಗೇಡಿಯರ್ ಜನರಲ್ ಪದವಿ ಸಿಕ್ಕಿತು, ಸಿಪಾಯಿಗಳು ಸಿಕ್ಕದ್ದು ಕೆಲವೇ ತುಕಡಿ. ಸುತ್ತಲೂ ಪೇಶ್ವೆಯ ಕೋಟೆಗಳು, ಅವನ ಸರದಾರ ಗೋಖಲೆಯ ಕುದುರೆ ದಂಡು.

ಅವನು ಮಾಡಿದ್ದು ಇಷ್ಟು. ಇನ್ನೂ ಗೆಲ್ಲದ ಪರಗಣೆಗಳಿಗೂ ಅಮಲ್ದಾರರನ್ನು ನೇಮಿಸಿದ. ಸಂಬಳ ಕೊಟ್ಟು ಈ ಸೀಮೆಯ ಪ್ಯಾದೆಗಳನ್ನೇ ಕೂಡಿಸಿ ಅವರ ಜೊತೆ ಕಳಿಸಿದ. ಊರೂರಿನ ಗೌಡ, ಕುಲಕರ್ಣಿಗಳಿಗೆ, ಇನ್ನು ಕಂದಾಯ ಪೇಶ್ವೆಯವರಿಗೆ ಕೊಡಬೇಡಿ, ನಮಗೆ ಕೊಡಿ ಎಂದು ಹೇಳಿಸಿದ. ಎರಡನೆಯ ಬಾಜೀರಾಯನ ಕಾಲಕ್ಕೆ ವಸೂಲಿಯ ಹಕ್ಕನ್ನು ಹೆಚ್ಚು ಹಣ ಕೂಗಿದವರಿಗೆ ಹರಾಜು ಹಾಕುತ್ತಿದ್ದರು. ಹರಾಜು ಹಿಡಿದವನು ವರ್ಷದೊಳಗೆ ತನ್ನ ಹಣ ಎತ್ತಬೇಕು, ಮುಂದಿನ ವರ್ಷ ಬೇರೆಯವನು ಬರುತ್ತಾನೆ. ರೈತನ ಎತ್ತು, ಬೀಜದ ಜೋಳ ಯಾವುದನ್ನೂ ಬಿಡುತ್ತಿರಲಿಲ್ಲ. ಇಂಥ ಸೀಮೆಯಲ್ಲಿ ಪೇಶ್ವೆಗಾಗಿ ಹಳ್ಳಿಗಳು ಯಾಕೆ ಎದ್ದು ನಿಲ್ಲಬೇಕು? ನವಲಗುಂದವನ್ನು ಹಿಡಿದದ್ದು ರಾಮರಾವ್ ಎಂಬ ಅಮಲ್ದಾರ, ಕೆಲವು ನೂರು ಪ್ಯಾದೆಗಳ ಜೊತೆ. ಗೋಖಲೆಯ ಕುದುರೆಗಳು ಅದನ್ನು ಮತ್ತೆ ಕಸಿಯಲು ಬಂದಾಗ ಮನ್ರೋ ಡಿಸೆಂಬರಿನಲ್ಲಿ ಧಾರವಾಡದಿಂದ ತನ್ನ ಸಣ್ಣ ದಂಡಿನೊಡನೆ ನಡೆದ. 1818ರ ಜನವರಿಯಲ್ಲಿ ಗದಗ, ಡಂಬಳ, ಹುಬ್ಬಳ್ಳಿ ಒಂದಾದಮೇಲೊಂದು ಕೈಗೆ ಬಂದವು.

ಫೆಬ್ರವರಿಯಲ್ಲಿ ಬಾದಾಮಿ. ಊರಿನ ಎರಡೂ ಮಗ್ಗುಲಿಗೆ ಬಂಡೆಯ ಮೇಲೆ ಎರಡು ಕೋಟೆ, ನಡುವೆ ಊರು, ಹಿಂದೆ ಕೆರೆ. ನೋಡಿದವರಿಗೆ ಗೊತ್ತು, ಆ ಕೆಂಪು ಬಂಡೆಯ ಸೀಳಿನಲ್ಲಿ ಮೆಟ್ಟಿಲು ಹತ್ತುವವನನ್ನು ಮೇಲೆ ನಿಂತ ಒಬ್ಬನೇ ತಡೆಯಬಹುದು. ತೋಪಿನಿಂದ ಊರಗೋಡೆಗೆ ಕಂಡಿ ಬಿತ್ತು, ಫೆಬ್ರವರಿ 18ರ ನಸುಕಿನಲ್ಲಿ ಸಿಪಾಯಿಗಳು ನುಗ್ಗಿದರು. ಒಳಗಿದ್ದವರು ಮೇಲಿನ ಕೋಟೆಗೆ ಓಡಿದರು, ಬೆನ್ನಟ್ಟಿದವರನ್ನು ಕಂಡು ಮೇಲಿನವರೂ ಕೈಚೆಲ್ಲಿದರು. ಬಾಗಲಕೋಟೆ ಒಂದು ಗುಂಡೂ ಹಾರಿಸದೆ ಬಾಗಿಲು ತೆರೆಯಿತು. ಬೆಳಗಾವಿ ಮಾತ್ರ ಸುಮಾರು ಮೂರು ವಾರ ತಾಳಿತು, ಏಪ್ರಿಲ್ 10ರಂದು ಶರಣಾಯಿತು. ಆಮೇಲೆ ಜನರಲ್ ಪ್ರಿಟ್ಜ್ಲರ್‌ನ ದಂಡು ಬಂದು ಕೂಡಿತು, ಆರಂಭದಲ್ಲಿ ಹೇಳಿದ ಸೊಲ್ಲಾಪುರದ ದಾರಿ ಹಿಡಿದರು. ಮೇ 10ರಂದು ನಿಚ್ಚಣಿಕೆ ಹಾಕಿ ಪೇಟೆಯ ಗೋಡೆ ಹತ್ತಿದರು. ಸಂಜೆಗೆ ಪೇಶ್ವೆಯ ಸರದಾರ ಗಣಪತರಾವ್ ಪಾನ್ಸೆಯ ದಂಡು ತುಂಡು ತುಂಡಾಗಿ ಹೊರಟಾಗ ಕುದುರೆಪಡೆ ಅದನ್ನು ಬೆನ್ನಟ್ಟಿ ಕೊಂದಿತು. ಕರುಣೆಯ ಯುದ್ಧ ಅದಾಗಿರಲಿಲ್ಲ.

ಮಾಲ್ಕಮ್ ಈ ದಂಡಯಾತ್ರೆಯನ್ನು ಮನಸಾರೆ ಹೊಗಳಿದ. 1819ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಮಂತ್ರಿ ಕ್ಯಾನಿಂಗ್ ಕೂಡ ಹೊಗಳಿದ. ಕೆಲವೇ ನೂರು ಸಿಪಾಯಿಗಳೊಡನೆ ಹೊರಟವನು ಹೋದಲ್ಲೆಲ್ಲ ಬಲ ಕೂಡಿಸಿಕೊಂಡ ಎಂಬುದೇ ಅವರ ಬೆರಗು. ನಾವು ಕೇಳಬೇಕಾದದ್ದು ಬೇರೆ. ಆ ಬಲ ಯಾರು? ನಮ್ಮವರೇ. ಧಾರವಾಡ, ನವಲಗುಂದ, ಬಾದಾಮಿ ಸೀಮೆಯ ಪ್ಯಾದೆಗಳು, ಅವರಿಗೆ ಕಾಳು ಕೊಟ್ಟ ಹಳ್ಳಿಗಳು. ಅವರನ್ನು ದ್ರೋಹಿಗಳು ಎನ್ನಲು ನನಗೆ ಮನಸ್ಸು ಬಾರದು. ಹರಾಜುದಾರನ ಕೈಯಿಂದ ತಪ್ಪಿಸಿಕೊಳ್ಳುವ ದಾರಿ ಕಂಡಿತು, ಹಿಡಿದರು. ಆ ದಾರಿ ಎಲ್ಲಿಗೆ ಹೋಗುತ್ತದೆ ಎಂದು ಅವತ್ತು ಯಾರಿಗೂ ಗೊತ್ತಾಗುವಂತಿರಲಿಲ್ಲ.

ಗೊತ್ತಾಗಲು ಆರೇ ವರ್ಷ ಸಾಕಾಯಿತು. ಮನ್ರೋ ಈ ಸೀಮೆ ಬಿಟ್ಟು ಹೋದಮೇಲೆ ಇದು ಮುಂಬೈ ಸರ್ಕಾರದ ಕೆಳಗೆ ಬಂತು. ಮನ್ರೋ 1820ರಲ್ಲಿ ಮದರಾಸಿನ ಗವರ್ನರ್ ಆದ. ಧಾರವಾಡದಲ್ಲಿ ಆಮೇಲೆ ಸೇಂಟ್ ಜಾನ್ ಥ್ಯಾಕರೆ ಕಲೆಕ್ಟರನಾಗಿ ಕೂತ. 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ದಂಡು ಕೋಟೆಯಿಂದ ಹೊರಬಿದ್ದು ಥ್ಯಾಕರೆಯನ್ನು ಕೊಂದಿತು. ಡಿಸೆಂಬರಿನ ಮೊದಲ ವಾರ ಕಂಪನಿಯ ದೊಡ್ಡ ದಂಡು ಬಂದು ಕೋಟೆ ಮುತ್ತಿತು. ಅಲ್ಲಿ ಸತ್ತ ಆಂಗ್ಲ ಅಧಿಕಾರಿಗಳಲ್ಲಿ ಒಬ್ಬ ಸೊಲ್ಲಾಪುರದ ಸಬ್ ಕಲೆಕ್ಟರ್ ಜಾನ್ ಕಾಲಿನ್ಸ್ ಮನ್ರೋ. ಥಾಮಸ್ ಮನ್ರೋನ ಅಣ್ಣತಮ್ಮಂದಿರ ಪೈಕಿ ಒಬ್ಬನ ಮಗ. ಚಿಕ್ಕಪ್ಪನೋ ದೊಡ್ಡಪ್ಪನೋ ಗೆದ್ದುಕೊಟ್ಟ ಸೊಲ್ಲಾಪುರದಲ್ಲಿ ಅಧಿಕಾರಿಯಾಗಿದ್ದವನು, ಅದೇ ದಂಡಯಾತ್ರೆ ಹಾದುಹೋದ ನಾಡಿನ ಕಿತ್ತೂರಿನಲ್ಲಿ ಸತ್ತ. ಐದು ವರ್ಷದ ಮೇಲೆ ಎದ್ದ ಸಂಗೊಳ್ಳಿ ರಾಯಣ್ಣ ಶೇತಸನದಿ, ಅಂದರೆ ಭೂಮಿ ಪಡೆದು ಊರಿನ ಕಾವಲು ಮಾಡುವವನು. 1817ರಲ್ಲಿ ಮನ್ರೋ ಸಂಬಳ ಕೊಟ್ಟು ಕೂಡಿಸಿಕೊಂಡ ಪ್ಯಾದೆಗಳ ಕಸುಬೂ ಅಂಥದೇ. ಆ ಭೂಮಿಯ ಮೇಲೆ ಕಂಪನಿಯ ಕಂದಾಯ ಬಿದ್ದದ್ದು ರಾಯಣ್ಣನ ಸಿಟ್ಟಿನ ಕಾರಣಗಳಲ್ಲಿ ಒಂದು. ಸೀಮೆಯನ್ನು ತಂದುಕೊಟ್ಟ ವಹಿಯೇ ಸೀಮೆಯನ್ನು ಎದುರು ನಿಲ್ಲಿಸಿತು.

ಕಿತ್ತೂರು ಬಿದ್ದ ಅದೇ ತಿಂಗಳ ಕೊನೆಯ ದಿನ, 1824ರ ಡಿಸೆಂಬರ್ 31ರಂದು, ಮದರಾಸಿನಲ್ಲಿ ಗವರ್ನರ್ ಮನ್ರೋ ತನ್ನ ಬಾಳಿನ ಅತ್ಯಂತ ಉದ್ದದ ಟಿಪ್ಪಣಿಗಳಲ್ಲಿ ಒಂದಕ್ಕೆ ಸಹಿ ಹಾಕಿದ. ಹಿಂದುಸ್ತಾನದ ಜನರನ್ನು ದೊಡ್ಡ ಹುದ್ದೆಗಳಿಂದ ದೂರ ಇಟ್ಟು, ಕಾರಕೂನಿಕೆ ಮಾತ್ರ ಕೊಟ್ಟು, ಆಮೇಲೆ ಅವರಲ್ಲಿ ಯೋಗ್ಯತೆ ಇಲ್ಲ ಎನ್ನುವುದು ಅನ್ಯಾಯ ಎಂದು ಅದರಲ್ಲಿ ವಾದಿಸಿದ. ಪರರ ಆಳ್ವಿಕೆ ಒಂದು ಇಡೀ ಜನಾಂಗವನ್ನು ಕುಗ್ಗಿಸುವುದಾದರೆ, ಆಂಗ್ಲರನ್ನು ಈ ದೇಶದಿಂದ ಪೂರಾ ಹೊರಹಾಕುವುದೇ ಮೇಲು ಎಂಬಲ್ಲಿಯವರೆಗೆ ಹೋದ. ತಾನೇ ಆಳುತ್ತಿದ್ದ ಆಳ್ವಿಕೆಯ ಬಗ್ಗೆ ಇಷ್ಟು ನಿಷ್ಠುರವಾಗಿ ಬರೆದ ಗವರ್ನರುಗಳು ತೀರ ಕಡಿಮೆ. ಆದರೂ ಒಂದು ಮಾತು ಹೇಳಲೇಬೇಕು: ಆ ಕುಗ್ಗಿಸುವಿಕೆ ಅವನಿಗೆ ಕಂಡದ್ದು ಹುದ್ದೆಗಳಲ್ಲಿ. ಕಿತ್ತೂರಿನ ಜನಕ್ಕೆ ಅದು ಕಂಡದ್ದು ಸಿಂಹಾಸನದಲ್ಲಿ, ಇನಾಮು ಭೂಮಿಯಲ್ಲಿ.

1827ರ ಜುಲೈ 6ರಂದು, ಇಂಗ್ಲೆಂಡಿಗೆ ಮರಳುವ ಮುನ್ನ ತನ್ನ ಹಳೆಯ ದತ್ತ ಮಂಡಲವನ್ನು ಕೊನೆಯ ಸಲ ನೋಡಲು ಹೋದಾಗ, ಪತ್ತಿಕೊಂಡದಲ್ಲಿ ಮನ್ರೋ ವಾಂತಿಭೇದಿಯಿಂದ ತೀರಿಕೊಂಡ. ಅವನು ಹೋದರೂ ಹೊಲ ಅಳೆಯುವ ಕೆಲಸ ನಿಲ್ಲಲಿಲ್ಲ. 1835ರಲ್ಲಿ ಮುಂಬೈ ಪ್ರಾಂತದಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಭೀಮೆಯದೇ ದಂಡೆಯ ಇಂದಾಪುರದಲ್ಲಿ ಹೊಸ ಸರ್ವೆ ಆರಂಭಿಸಿದರು. ಅದು ಹೊಳೆಗುಂಟ ಕೆಳಗಿಳಿದು ನಮ್ಮ ಕಡೆಗೂ ಬಂತು. 

ಇಲ್ಲಿನ ತರುಣರಲ್ಲಿ, ಅದರಲ್ಲೂ ಇತಿಹಾಸ ಓದುತ್ತಿರುವ ಹುಡುಗ ಹುಡುಗಿಯರಲ್ಲಿ, ನನ್ನದೊಂದು ಕೋರಿಕೆ. 1818ರ ಆ ತಿಂಗಳುಗಳ ಕಥೆಯನ್ನು ನಾವು ಇಂದಿಗೂ ಓದುವುದು ಮನ್ರೋನ ಕಾಗದಗಳಿಂದ, ಮಾಲ್ಕಮ್‌ನ ಕಾಗದಗಳಿಂದ. ಕಂದಾಯ ಕೊಟ್ಟ ಹಳ್ಳಿಯ ಕಡೆಯ ಲೆಕ್ಕ ಮೋಡಿ ಲಿಪಿಯಲ್ಲಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆಯ ಹಳೆಯ ವಾಡೆಗಳಲ್ಲಿ, ಕುಲಕರ್ಣಿ ಮನೆಗಳ ಅಟ್ಟದಲ್ಲಿ ಅರಿವೆಯಲ್ಲಿ ಕಟ್ಟಿಟ್ಟ ದಫ್ತರಗಳು ಇರುವಲ್ಲೆಲ್ಲ ಅವನ್ನು ಗೆದ್ದಲಿಗೆ ಬಿಡಬೇಡಿ. ಮೋಡಿ ಓದುವವರು ಈಗ ಬೆರಳೆಣಿಕೆಯಷ್ಟು. ನಿಮ್ಮಲ್ಲಿ ಇಬ್ಬರಾದರೂ ಅದನ್ನು ಕಲಿಯಿರಿ. ಮನೆಯ ಹಿರಿಯರನ್ನು ಕೇಳಿ ದಫ್ತರಗಳ ಫೋಟೊ ತೆಗೆಸಿ, ಯಾವ ಊರು, ಯಾವ ಮನೆತನ, ಯಾವ ವರ್ಷದ ಲೆಕ್ಕ ಎಂಬುದನ್ನು ಜೊತೆಗೆ ಬರೆದಿಡಿ. ಶಕೆಯ ಲೆಕ್ಕದಲ್ಲಿ 1739, 1740ರ ಕಾಗದ ಸಿಕ್ಕರೆ ಮೊದಲು ಅದನ್ನು ಓದಿ. ಆ ವರ್ಷ ಊರು ಯಾರಿಗೆ ಎಷ್ಟು ಕೊಟ್ಟಿತು ಎಂಬುದು ಅಲ್ಲಿರುತ್ತದೆ.